ನಮ್ಮ ‘ಹೋಯ್ ಬತ್ತೆ’ ಮತ್ತು ಅವರ ‘ಅಂಡ್’

ನಮ್ಮ ಕೆರಾಡಿ ಕಡೆ ಮನೆಯಿಂದ ಹೊರಡುವವರು ‘ಹೋತೆ’ ಅಂತ ಬರೀ ಹೇಳಿ ಹೊರಡುವುದು ಕಡಿಮೆ. ‘ಹೋಯ್ ಬತ್ತೆ’ ಅನ್ನಬೇಕು. ಇದನ್ನೇ ಮಕ್ಕಳು ‘ಐ ವಿಲ್ ಗೋ ಅಂಡ್ ಕಮ್’ ಅಂದರೆ ಇಂಗ್ಲಿಷ್ ಪಾಠದಲ್ಲಿ ನಗು. ನಗುವ ಮೊದಲು ಇದರ ಹಿಂದಿನ ಚರಿತ್ರೆಯನ್ನು ಸ್ವಲ್ಪ ನೋಡೋಣ ಅನ್ನಿಸಿತು.

‘ಅಂಡ್’, ‘ಬಟ್’, ‘ಆರ್’ಗಳಿಂದ ಕೂಡಿದ ಸಮಾನ ಉಪವಾಕ್ಯಗಳಿಗೆ ಇಂಗ್ಲಿಷಿನಲ್ಲಿ ಕೋ-ಆರ್ಡಿನೇಟ್ ಕ್ಲಾಸ್ ಅಂತ ಹೆಸರು. ಒಂದು ಇನ್ನೊಂದರ ಆಳಲ್ಲ, ಎರಡೂ ತಮ್ಮ ಕಾಲ ಮೇಲೆ ನಿಲ್ಲುತ್ತವೆ. ವಾಕ್ಯವನ್ನು ಹೀಗೆ ಬಿಡಿಸುವ ಪಾಠ ಇಂಗ್ಲೆಂಡಿನದ್ದೇ ಅಂದುಕೊಳ್ಳಬೇಡಿ. ಜರ್ಮನಿಯ ಬೆಕರ್ ಎಂಬ ವ್ಯಾಕರಣಕಾರನ ವಿಚಾರಗಳನ್ನು ಮೊರೆಲ್ ಎಂಬವರು 1852ರ ಪುಸ್ತಕದಲ್ಲಿ ಇಂಗ್ಲಿಷ್ ಶಾಲೆಗಳಿಗೆ ಒಗ್ಗಿಸಿದರು. ಭಾರತದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ನೆಸ್‌ಫೀಲ್ಡ್ 1890ರ ದಶಕದ ತಮ್ಮ ಪುಸ್ತಕಗಳಲ್ಲಿ ಅದನ್ನು ನಮ್ಮ ಮಕ್ಕಳ ಮುಂದಿಟ್ಟರು. 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಬಂದರು. ಅವರನ್ನು ಬಾಯಿಪಾಠ ಮಾಡದವರು ಯಾರಿದ್ದಾರೆ ಹೇಳಿ!

ಇತ್ತ ಕನ್ನಡದಲ್ಲಿ? ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಅಂತ ಎಂಟು ಪ್ರಕರಣಗಳಿವೆ. ವಾಕ್ಯಕ್ಕೇ ಅಂತ ಒಂದು ಪ್ರಕರಣವಿಲ್ಲ. ಶಾಲೆಯಲ್ಲಿ ಕಲಿಯುವ ಸಾಮಾನ್ಯ, ಸಂಯೋಜಿತ, ಮಿಶ್ರ ವಾಕ್ಯಗಳು ಇಂಗ್ಲಿಷಿನ ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್‌ಗಳ ಅಚ್ಚಿನಲ್ಲೇ ಇವೆ. ಆ ಅಚ್ಚು ಕನ್ನಡಕ್ಕೆ ಎಷ್ಟು ಹೊಂದುತ್ತದೆ?

‘ಮಳೆ ಬಂದು ಕೆರೆ ತುಂಬಿತು’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಇದಕ್ಕೆ ಎರಡು ಪೂರ್ಣ ಕ್ರಿಯಾಪದ, ನಡುವೆ ಒಂದು ‘ಅಂಡ್’ ಬೇಕು. ನಮಗೆ ಪೂರ್ಣ ಕ್ರಿಯಾಪದ ಕೊನೆಯಲ್ಲಿ ಒಂದೇ ಸಾಕು. ‘ಬಂದು’ ಎಂಬ ಕೃದಂತವೇ ಕೊಂಡಿ. ಯಾವುದು ಮೊದಲು, ಯಾವುದರಿಂದ ಯಾವುದಾಯಿತು ಅನ್ನುವುದನ್ನೂ ಅದೇ ಹೇಳಿಬಿಡುತ್ತದೆ. ಎರಡನ್ನೂ ಸರಿಸಮ ನಿಲ್ಲಿಸಬೇಕೆಂದರೆ ‘ಅಣ್ಣನೂ ಬಂದ, ತಮ್ಮನೂ ಬಂದ’ ಅನ್ನುತ್ತೇವೆ. ಈ ‘ಊ’ ಹಳಗನ್ನಡದ ‘ಉಂ’ನ ವಂಶದ್ದು. ಇಲ್ಲೂ ‘ಮತ್ತು’ ಬೇಕಿಲ್ಲ.

ಕನ್ನಡವನ್ನು ಪರಭಾಷೆಯ ಕಣ್ಣಿನಿಂದ ನೋಡುವ ಚಾಳಿಯನ್ನು ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದಲ್ಲಿ ಪ್ರಶ್ನಿಸಿದ್ದಾರೆ. ಹಾಗಂತ ನೆಸ್‌ಫೀಲ್ಡರನ್ನು ಬೈದು ಪ್ರಯೋಜನವಿಲ್ಲ, ಅವರು ಬರೆದದ್ದು ಇಂಗ್ಲಿಷಿಗೆ. ಆದರೆ ಕನ್ನಡ ಮಾಧ್ಯಮದ ಹುಡುಗಿಯೊಬ್ಬಳು ‘ಗೋ ಅಂಡ್ ಕಮ್’ ಅಂದಾಗ ಅವಳಿಗೆ ವ್ಯಾಕರಣ ಬರುವುದಿಲ್ಲ ಅನ್ನುವುದು ಅನ್ಯಾಯ. ಅವಳಿಗೆ ಒಂದು ವ್ಯಾಕರಣ ಚೆನ್ನಾಗಿಯೇ ಬರುತ್ತದೆ. ‘ನಮ್ಮಲ್ಲಿ ಕೃದಂತ ಮಾಡುವ ಕೆಲಸವನ್ನು ಅವರಲ್ಲಿ ಅಂಡ್ ಮಾಡುತ್ತದೆ, ಆದರೆ ಹೊರಡುವಾಗ ಅವರು ಬರುವ ಮಾತು ಎತ್ತುವುದಿಲ್ಲ’ ಅಂತ ಹೇಳಿಕೊಟ್ಟರೆ ಎರಡು ನಿಮಿಷದ ಪಾಠ. ನಕ್ಕರೆ ಅವಳು ಮತ್ತೆ ಇಂಗ್ಲಿಷಿನಲ್ಲಿ ಬಾಯಿ ಬಿಡುವುದು ಕಷ್ಟ.

ನಿಮ್ಮೂರಿನಲ್ಲಿ ಹೊರಡುವಾಗ ಏನನ್ನುತ್ತೀರಿ? ಬರೆದು ತಿಳಿಸಿ.