ಅತ್ತೆಯ ಸತ್ಯವೇದ, ನನ್ನ ಸತ್ಯವೇದ

ಧಾರವಾಡದ ತವರಿನಿಂದ ಗೋಕಾಕಕ್ಕೆ ಸೊಸೆಯಾಗಿ ಬಂದಾಗ ನನ್ನ ಟ್ರಂಕಿನಲ್ಲಿ ಸೀರೆಗಳ ನಡುವೆ ಒಂದು ಸತ್ಯವೇದವಿತ್ತು. ನಮ್ಮತ್ತೆ ಅದನ್ನು ಕೈಗೆತ್ತಿಕೊಂಡು, "ನೀವು ಬಾಸೆಲ್ ಮಿಶನ್ನಿನವ್ರಲ್ಲೇನವಾ? ನಿಮ್ಮ ಪುಸ್ತಕ ಬ್ಯಾರೆ ಇರತೈತೇನು?" ಎಂದು ಕೇಳಿದರು. ತಮ್ಮದನ್ನೂ ತಂದು ಪಕ್ಕಕ್ಕಿಟ್ಟರು. ಎರಡೂ ಒಂದೇ. ಅವರದರ ಹಾಳೆಗಳು ಮಾತ್ರ ಹಳದಿಯಾಗಿದ್ದವು. ಆದರೂ ಅವರು ಮೆಥೊಡಿಸ್ಟ್, ನಾನು ಸಿ.ಎಸ್.ಐ. ಒಂದೇ ದೇವರಿಗೆ ಎರಡು ಹಾಜರಿ ಪುಸ್ತಕ ಯಾಕೆ ಎಂಬ ಪ್ರಶ್ನೆ ಅಂದಿನಿಂದ ನನ್ನ ಬೆನ್ನು ಬಿಡಲಿಲ್ಲ.

ಬೆಳಗಾವಿ ಕೋಟೆ ಇಂಗ್ಲಿಷರ ಕೈಸೇರಿದ್ದು 1818ರಲ್ಲಿ. ಎರಡೇ ವರ್ಷಕ್ಕೆ ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದರು. ಮುಂದೆ ವಿಲಿಯಂ ಬೆನನ್ ಅವರ ಜೊತೆಗೂಡಿದರು. ಬೆಳಗಾವಿಯ ಬೆನನ್ ಸ್ಮಿತ್ ಶಾಲೆಯ ಹೆಸರಿನಲ್ಲಿ ಇವರು ಉಳಿದುಕೊಂಡಿದ್ದಾರೆ. 1837ರಲ್ಲಿ ಬಾಸೆಲ್ ಮಿಶನ್ನಿನವರು ಧಾರವಾಡದಲ್ಲಿ ನೆಲೆಯೂರಿದರು. ಇತ್ತ ಹುಕ್ಕೇರಿ ದಾಟಿ ಕೊಲ್ಲಾಪುರದ ಕಡೆ ಹೋದರೆ ಅಲ್ಲಿ ಅಮೆರಿಕದ ಪ್ರೆಸ್‌ಬಿಟೇರಿಯನ್ನರು, ಅವರ ಕೆಲಸ ಮರಾಠಿಯಲ್ಲಿ. ಒಬ್ಬರ ಸೀಮೆಯಲ್ಲಿ ಇನ್ನೊಬ್ಬರು ಕಾಲಿಡಬಾರದೆಂದು ಮಿಶನ್ನುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದವು. ಹೊಲಕ್ಕೆ ಬದು ಹಾಕಿದ ಹಾಗೆ.

ಬದು ಇದ್ದರೂ ಕೆಲಸಕ್ಕೆ ಕೈಗೂಡಿಸುತ್ತಿದ್ದರೆಂಬುದಕ್ಕೆ ನಿಘಂಟಿನ ಕಥೆಯೇ ಸಾಕು. ಲಂಡನ್ ಮಿಶನ್ನಿನ ವಿಲಿಯಂ ರೀವ್ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ತಂದರು. ಅದನ್ನು ತಿದ್ದಿ 1858ರಲ್ಲಿ ಹೊರತಂದ ಡೇನಿಯಲ್ ಸ್ಯಾಂಡರ್ಸನ್ ವೆಸ್ಲಿಯನ್ ಮಿಶನ್ನಿನವರು. ಆಮೇಲೆ ಬಂದದ್ದು ಬಾಸೆಲ್ ಮಿಶನ್ನಿನ ಕಿಟ್ಟೆಲರ 1894ರ ಮಹಾನಿಘಂಟು. ಸತ್ಯವೇದವೂ ಹಾಗೆಯೇ. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮಾಡಿದ ಅನುವಾದದ ಮೇಲೆ ಬಾಸೆಲ್ಲಿನ ವೈಗ್ಲೆ ಮತ್ತೆ ಕೂತರು. ಅತ್ತೆಯ ಪುಸ್ತಕವೂ ನನ್ನ ಪುಸ್ತಕವೂ ಒಂದೇ ಆದದ್ದು ಹೀಗೆ.

ಸಭೆಗಳು ಎರಡಾದ ಕಥೆ ಬೇರೆ. 1904ರಲ್ಲಿ ಲಂಡನ್ ಮಿಶನ್ ತನ್ನ ಬೆಳಗಾವಿ ಕ್ಷೇತ್ರವನ್ನು ಅಮೆರಿಕದ ಮೆಥೊಡಿಸ್ಟರಿಗೆ ವಹಿಸಿಕೊಟ್ಟಿತು. ಇದೂ ಸಹಕಾರವೇ, ಜಗಳವಿಲ್ಲದ ವ್ಯವಹಾರ. ಆದರೆ ನನಗೆ ಅದು ಸೊಸೆಯನ್ನು ಕೇಳದೆ ಮನೆ ಬದಲಿಸಿದ ಹಾಗೆ ಕಾಣುತ್ತದೆ. 1910ರಲ್ಲಿ ಎಡಿನ್‌ಬರೋದಲ್ಲಿ ಸುಮಾರು 1,200 ಪ್ರತಿನಿಧಿಗಳ ಮಿಶನರಿ ಸಮ್ಮೇಳನ ನಡೆಯಿತು. ಅಲ್ಲಿ ಭಾರತೀಯರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬರಾದ ವಿ.ಎಸ್. ಅಜರಯ್ಯ, ನೀವು ನಮಗಾಗಿ ಬಹಳ ತ್ಯಾಗ ಮಾಡಿದ್ದೀರಿ, ಈಗ ನಮಗೆ ಸ್ನೇಹಿತರು ಬೇಕು ಎಂಬರ್ಥದ ಮಾತಾಡಿದರು. ದೊರೆಗಳೆದುರು ಹಾಗೆ ಹೇಳಲು ಎಂಥ ಎದೆ ಬೇಕು! 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಅದಕ್ಕಾಗಿ ದುಡಿದ ಅಜರಯ್ಯನವರು ಅದನ್ನು ನೋಡಲು ಇರಲಿಲ್ಲ, 1945ರಲ್ಲೇ ತೀರಿಕೊಂಡಿದ್ದರು.

ಬಳ್ಳಾರಿಯ ಲಂಡನ್ ಮಿಶನ್ ಸಭೆಗಳು ಅದರಲ್ಲಿ ಸೇರಿದವು. ಮೈಸೂರು ಸೀಮೆಯ ವೆಸ್ಲಿಯನ್ನರು ಸೇರಿದರು. ಮುಂದೆ ನಮ್ಮ ಧಾರವಾಡದವರೂ ಕೂಡಿಕೊಂಡರು. ಅಮೆರಿಕದ ಮೆಥೊಡಿಸ್ಟ್ ಪರಂಪರೆಯವರು ಮಾತ್ರ ಹೊರಗುಳಿದರು. ಅಂದರೆ 1904ರ ಆ ವಹಿವಾಟು ಆಗದಿದ್ದರೆ ಅತ್ತೆಯದೂ ನನ್ನದೂ ಒಂದೇ ಸಭೆಯಾಗಿರುತ್ತಿತ್ತೋ ಏನೋ.

ಹೀಗೆಂದರೆ ಅತ್ತೆ ನಕ್ಕುಬಿಟ್ಟರು. "ಮಿರಜಿಗೆ ಹೋದಾಗ ಯಾವ ಮಿಶನ್ ಅಂತ ಯಾರು ಕೇಳತಿದ್ರವಾ?" 1894ರಲ್ಲಿ ಡಾಕ್ಟರ್ ವಾನ್‌ಲೆಸ್ ಮಿರಜಿನಲ್ಲಿ ತೆರೆದ ಆಸ್ಪತ್ರೆ ಪ್ರೆಸ್‌ಬಿಟೇರಿಯನ್ನರದು. ಹುಕ್ಕೇರಿಯಲ್ಲಾಗಲಿ ಮೂಡಲಗಿಯಲ್ಲಾಗಲಿ ಹೆರಿಗೆ ಕಷ್ಟವಾದರೆ ಹಿರಿಯರ ಬಾಯಲ್ಲಿ ಬರುತ್ತಿದ್ದುದು ಮಿರಜಿನ ಹೆಸರೇ. ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲು ಹತ್ತಿದರೆ ಮುಗಿಯಿತು.

ಇಷ್ಟೆಲ್ಲ ಓದುವಾಗ ನನ್ನನ್ನು ಕಾಡಿದ್ದು ಇನ್ನೊಂದು ವಿಷಯ. ಟೇಲರ್, ಬೆನನ್, ಕಿಟ್ಟೆಲ್, ವಾನ್‌ಲೆಸ್, ಎಲ್ಲರ ಹೆಸರೂ ಸಿಕ್ಕವು. ಗಂಡಸು ಮಿಶನರಿಗಳಿಗೆ ಹೊಸ್ತಿಲು ದಾಟಲಾಗದ ಮನೆಗಳ ಅಡಿಗೆಮನೆಯವರೆಗೆ ಹೋಗಿ, ಹೆಂಗಸರ ಪಕ್ಕ ಕೂತು, ಅಕ್ಷರ ಕಲಿಸಿ ಸತ್ಯವೇದ ಓದಿ ಹೇಳಿದವರು ನಮ್ಮ ಹೆಣ್ಣುಮಕ್ಕಳೇ. ಇಂಗ್ಲಿಷಿನಲ್ಲಿ ಅವರಿಗೆ ಬೈಬಲ್ ವುಮನ್ ಎಂದು ಹೆಸರು. ನಾನು ಓದಿದ ಪುಸ್ತಕಗಳಲ್ಲಿ ಅವರು ಒಂದು ಸಂಖ್ಯೆ, ಹೆಚ್ಚೆಂದರೆ ಒಂದು ಸಾಲು. ಅತ್ತೆಯ ಅಜ್ಜಿ ಅಂಥವರಲ್ಲೊಬ್ಬರು. ಅವರ ಹೆಸರನ್ನು ನೆನಪಿಸಿಕೊಳ್ಳಲು ಅತ್ತೆಗೇ ಅರ್ಧ ದಿನ ಬೇಕಾಯಿತು. ಮನೆಯಲ್ಲಿ ಎಲ್ಲರೂ ಅವರನ್ನು ಬರೀ "ಆಯಿ" ಎನ್ನುತ್ತಿದ್ದರಂತೆ.

ವರ್ಷಕ್ಕೊಮ್ಮೆ, ಮಾರ್ಚ್ ತಿಂಗಳ ಮೊದಲ ಶುಕ್ರವಾರ, ಹೆಂಗಸರ ಜಾಗತಿಕ ಪ್ರಾರ್ಥನಾ ದಿನ. ಪ್ರತಿವರ್ಷ ಒಂದೊಂದು ದೇಶದ ಹೆಂಗಸರು ಆರಾಧನೆಯ ಕ್ರಮವನ್ನು ಬರೆಯುತ್ತಾರೆ, ಅದನ್ನೇ ಆ ದಿನ ನೂರಕ್ಕೂ ಹೆಚ್ಚು ದೇಶಗಳಲ್ಲಿ ಓದುತ್ತಾರೆ. ಯಾವ ಸಭೆಯವರೂ ಬರಬಹುದು. 2019ರಲ್ಲಿ ಬರೆದವರು ಸ್ಲೊವೇನಿಯಾದವರು. "ಅದೆಲ್ಲೈತಿ?" ಎಂದು ಅತ್ತೆ ಕೇಳಿದರು, ಮೊಮ್ಮಗ ನಕಾಶೆಯಲ್ಲಿ ತೋರಿಸಿದ. ಅಂದು ಗೋಕಾಕದಲ್ಲಿ ಮೆಥೊಡಿಸ್ಟರು, ಸಿ.ಎಸ್.ಐ.ಯ ನಾವು ಕೆಲವರು, ಇಬ್ಬರು ಕಥೋಲಿಕ ಸಿಸ್ಟರುಗಳು ಕೂಡಿದೆವು. ಹುಕ್ಕೇರಿಯಿಂದ ನಾಲ್ವರು ಬಸ್ಸಿನಲ್ಲಿ ಬಂದರು. ಲೂಕನ ಸುವಾರ್ತೆಯ 14ನೆಯ ಅಧ್ಯಾಯ ಓದಬೇಕಿತ್ತು, ಔತಣದ ಕಥೆ. ಓದುವ ಸರದಿ ಬಂದದ್ದು ಮೂಡಲಗಿಯ ಒಬ್ಬ ಹುಡುಗಿಗೆ. ಗಡಿಬಿಡಿಯಲ್ಲಿ ಅವಳು ಪುಸ್ತಕ ತಂದಿರಲಿಲ್ಲ. ಅತ್ತೆ ತಮ್ಮದನ್ನೇ ಮುಂದಕ್ಕೆ ಚಾಚಿದರು.

ಚಹಾ ಆದಮೇಲೆ ನಾನು ಒಂದು ವಹಿ ತೆಗೆದು ಬಂದವರೆಲ್ಲರ ಹೆಸರು ಬರೆದುಕೊಂಡೆ. ಅಡ್ಡಹೆಸರಿನ ಸಮೇತ, ಊರಿನ ಸಮೇತ. ಮೂವತ್ತೊಂದಾದವು. ಮೊದಲ ಸಾಲಿನಲ್ಲಿ ಅತ್ತೆಯ ಅಜ್ಜಿಯ ಹೆಸರು ಬರೆದೆ.