ಮುಂಬಯಿಯಲ್ಲೊಂದು ಬಾಡಿಗೆ ಮನೆ

ನಮ್ಮ ಮುರಗೋಡಕ್ಕೆ 1956ರವರೆಗೂ ಮುಂಬಯಿಯೇ ರಾಜಧಾನಿ. ಹೊಟ್ಟೆಪಾಡಿಗಾಗಿ ಅಲ್ಲಿಗೆ ಹೋದ ನಮ್ಮ ಕಡೆಯವರಿಗೆ ಕೆಲಸ ಸಿಕ್ಕೀತು, ಮನೆ ಸಿಕ್ಕುವುದು ದುರ್ಲಭವಾಗಿತ್ತು. ಮೂರು ಕಡೆ ನೀರಿರುವ ಊರಿನಲ್ಲಿ ನೆಲ ಸಾಲದೆಂದು ಹೇಳಿಬಿಡುವುದು ಸುಲಭ. ಆದರೆ ಏಳು ದ್ವೀಪಗಳ ನಡುವಿನ ಕಡಲನ್ನೇ ತುಂಬಿ ಬೆಳೆದ ನಗರಕ್ಕೆ ಕಡಲೊಂದೇ ಅಡ್ಡಿಯಾಯಿತೆಂದು ನಾನು ನಂಬಲಾರೆ.

ಯುದ್ಧಕಾಲದ ಬಾಡಿಗೆಯೇರಿಕೆಯಿಂದ ಬಡವನನ್ನು ಕಾಯುವುದು ಅಗತ್ಯವೇ ಆಗಿತ್ತು. 1947ರ ಮುಂಬಯಿ ಬಾಡಿಗೆ ಕಾಯಿದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತು. ಬೆಳಗಾವಿ ಜಿಲ್ಲೆಯನ್ನು ಆಗ ಆಳುತ್ತಿದ್ದ ಸರಕಾರದ್ದೇ ಈ ಕಾಯಿದೆ ಎಂಬುದನ್ನು ಕೇಳುಗರು ನೆನೆಯಬೇಕು. ಕೆಲವೇ ವರ್ಷಗಳಿಗೆಂದು ಬಂದದ್ದು ಅವಧಿ ವಿಸ್ತರಿಸಿಕೊಳ್ಳುತ್ತ ಅರ್ಧ ಶತಮಾನ ಉಳಿಯಿತು. ಬಾಡಿಗೆ ದುರಸ್ತಿಗೂ ಸಾಲದಾಗಿ ಚಾಳುಗಳು ಶಿಥಿಲವಾದವು. ಪಗಡಿಯ ಹಣ ತೆರದೆ ಖೋಲಿ ಸಿಗದಾಯಿತು. ಬಾಡಿಗೆಗೆಂದು ಮನೆ ಕಟ್ಟಿಸುವವರೇ ವಿರಳರಾದರು.

ಮೇಲೆ 1976ರ ನಗರ ಭೂಮಿತಿ ಕಾಯಿದೆ ಬಂದು ಖಾಲಿ ನೆಲದ ಒಡೆತನಕ್ಕೆ ಅಲ್ಲಿ 500 ಚದರ ಮೀಟರಿನ ಮಿತಿ ಹಾಕಿತು. ಬಡವರಿಗೆ ಒದಗಬೇಕಾಗಿದ್ದ ನೆಲ ಬಹುಮಟ್ಟಿಗೆ ವ್ಯಾಜ್ಯಗಳಲ್ಲಿ ಸಿಲುಕಿತು. 1991ರ ನಿಯಮದಂತೆ ದ್ವೀಪನಗರದಲ್ಲಿ ಅಂತಸ್ತುಗಳ ಒಟ್ಟು ವಿಸ್ತಾರ ಸಾಮಾನ್ಯವಾಗಿ ನಿವೇಶನದ 1.33 ಪಟ್ಟನ್ನು ಮೀರುವಂತಿರಲಿಲ್ಲ.

1999ರ ಹೊಸ ಕಾಯಿದೆ ಬಾಡಿಗೆಯಲ್ಲಿ ವರ್ಷಕ್ಕೆ ಶೇಕಡಾ 4ರ ಏರಿಕೆಗೆ ಒಪ್ಪಿತು; ಮಹಾರಾಷ್ಟ್ರದಲ್ಲಿ ಭೂಮಿತಿ ರದ್ದಾದದ್ದು 2007ರಲ್ಲಿ. ಹಳೆಯ ಚಾಳಿನ ಮುದುಕಿಯನ್ನು ನಾನು ದೂರಲಾರೆ. ಆ ಖೋಲಿ ಬಿಟ್ಟರೆ ಆಕೆಗೆ ನೆಲೆಯಿಲ್ಲ. ಆಕೆಯ ರಕ್ಷಣೆಯ ಬೆಲೆ ತೆತ್ತವರು ತಡವಾಗಿ ಬಂದವರು. 2011ರ ಜನಗಣತಿಯ ವೇಳೆಗೆ ನಗರದ ಜನರಲ್ಲಿ ಸುಮಾರು ಶೇಕಡಾ 40ರಷ್ಟು ಮಂದಿ ಕೊಳೆಗೇರಿಗಳಲ್ಲಿದ್ದರು.