ಒಂದು ನಿಮಿಷದ ಚಿತ್ರ

ತೆಗೆದ ಚಿತ್ರವನ್ನು ನಿಂತಲ್ಲೇ ಕಾಗದದ ಮೇಲೆ ಮೂಡಿಸಿಕೊಡುವ ಕ್ಯಾಮೆರಾ ಈಗ ಮತ್ತೆ ಅಂಗಡಿಗಳಲ್ಲಿ ಕಾಣಿಸಿಕೊಳ್ಳುತ್ತಿದೆ. ಫೋನಿನಲ್ಲಿ ಸಾವಿರ ಚಿತ್ರಗಳನ್ನು ಹೊತ್ತು ತಿರುಗುವ ತರುಣರೇ ಇದನ್ನು ಆಸೆಪಟ್ಟು ಕೊಳ್ಳುತ್ತಾರೆ. ಯಾವುದನ್ನು ಆರಿಸಬೇಕೆಂದು ಕೇಳುವವರು ಬೆಲೆಯ ಜೊತೆಗೆ ಅದರ ಚರಿತ್ರೆಯನ್ನೂ ಒಮ್ಮೆ ವಿಚಾರಿಸುವುದು ಒಳಿತು.

ಈ ಚರಿತ್ರೆಯ ಮೊದಲಿಗೆ ಒಂದು ಮಗುವಿನ ಪ್ರಶ್ನೆಯಿದೆ. 1943ರಲ್ಲಿ ಅಮೆರಿಕದ ವಿಜ್ಞಾನಿ ಎಡ್ವಿನ್ ಲ್ಯಾಂಡ್ ಸಂಸಾರಸಮೇತನಾಗಿ ಸಾಂತಾ ಫೆ ನಗರಕ್ಕೆ ಹೋಗಿದ್ದ. ಅಪ್ಪ ತೆಗೆದ ಚಿತ್ರವನ್ನು ಈಗಲೇ ಏಕೆ ನೋಡಬಾರದೆಂದು ಮೂರು ವರ್ಷದ ಮಗಳು ಕೇಳಿದಳು. ಚಿತ್ರ ತೆಗೆಸಿಕೊಂಡು ದಿನಗಟ್ಟಲೆ ಕಾಯುವುದು ಲೋಕರೂಢಿಯಾಗಿದ್ದ ಕಾಲ. ದೊಡ್ಡವರಾರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಅಂದು ಊರೊಳಗೆ ಅಡ್ಡಾಡುತ್ತಲೇ, ಒಂದು ಗಂಟೆಯೊಳಗಾಗಿ, ಕ್ಯಾಮೆರಾದ ಮತ್ತು ಫಿಲ್ಮಿನ ಕಲ್ಪನೆ ತನಗೆ ಸ್ಪಷ್ಟವಾಯಿತೆಂದು ಲ್ಯಾಂಡ್ ಮುಂದೆ ಹೇಳಿಕೊಂಡ. 1937ರಲ್ಲಿಯೇ ಪೋಲರಾಯ್ಡ್ ಕಂಪನಿಯನ್ನು ಸ್ಥಾಪಿಸಿದ್ದ ಅವನಿಗೆ ಬೆಳಕಿನ ವಿಷಯ ಹೊಸತಾಗಿರಲಿಲ್ಲ.

ಅವನು ಮಾಡಿದ್ದು ಕತ್ತಲೆಕೋಣೆಯ ಕೆಲಸವನ್ನೆಲ್ಲ ಕ್ಯಾಮೆರಾದ ಹೊಟ್ಟೆಯೊಳಕ್ಕೆ ತಂದದ್ದು. ಫಿಲ್ಮಿನ ಅಂಚಿನಲ್ಲಿ ರಾಸಾಯನಿಕ ತುಂಬಿದ ಒಂದು ಸಣ್ಣ ಚೀಲ. ಫಿಲ್ಮು ಎರಡು ರೋಲರುಗಳ ನಡುವೆ ಹಾಯುವಾಗ ಆ ಚೀಲ ಒಡೆದು, ಒಳಗಿನ ದ್ರವ ನೆಗೆಟಿವ್‌ಗೂ ಕಾಗದಕ್ಕೂ ನಡುವೆ ತೆಳ್ಳಗೆ ಹರಡುತ್ತದೆ. ಬೆಳಕು ತಾಕಿದ ಬೆಳ್ಳಿಯ ಲವಣ ನೆಗೆಟಿವ್‌ನಲ್ಲೇ ಉಳಿಯುತ್ತದೆ. ತಾಕದಿದ್ದುದು ಕರಗಿ ಕಾಗದಕ್ಕೆ ಬಂದು ಅಲ್ಲಿ ಚಿತ್ರವಾಗಿ ಕಪ್ಪಗಾಗುತ್ತದೆ. 1947ರ ಫೆಬ್ರವರಿ 21ರಂದು ನ್ಯೂಯಾರ್ಕಿನ ವಿದ್ವತ್ಸಭೆಯೊಂದರಲ್ಲಿ ಲ್ಯಾಂಡ್ ತನ್ನದೇ ಮುಖದ ಚಿತ್ರವನ್ನು ತೆಗೆದು, ಒಂದು ನಿಮಿಷದಲ್ಲಿ ಪದರ ಸುಲಿದು ತೋರಿಸಿದ. ಮರುವರ್ಷದ ನವೆಂಬರ್ 26ರಂದು ಬಾಸ್ಟನ್ನಿನ ಅಂಗಡಿಗೆ ಬಂದ ಮೊದಲ ಕ್ಯಾಮೆರಾಗಳು ಅಂದೇ ಖರ್ಚಾದವು. 1972ರ ಎಸ್‌ಎಕ್ಸ್-70 ಮಾದರಿಯಲ್ಲಿ ಸುಲಿಯುವ ಕೆಲಸವೂ ತಪ್ಪಿತು. ವರ್ಣಚಿತ್ರ ಕಣ್ಣೆದುರೇ ಮೆಲ್ಲಗೆ ಅರಳತೊಡಗಿತು.

ಇಷ್ಟು ಮುದ್ದಾದ ಯಂತ್ರ ಕಹಿಯಾದ ಕೆಲಸಕ್ಕೂ ಒದಗಿತು. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕದಲ್ಲಿ 16 ತುಂಬಿದ ಕಪ್ಪು ಜನರು ಸದಾ ಪಾಸ್‌ಪುಸ್ತಕವನ್ನು ಹೊತ್ತಿರಬೇಕಿತ್ತು, ಇಲ್ಲದವರಿಗೆ ಸೆರೆ. ಆ ಪುಸ್ತಕದ ಭಾವಚಿತ್ರಗಳನ್ನು ತೆಗೆಯಲು ಪೋಲರಾಯ್ಡ್ ಉಪಕರಣಗಳು ಬಳಕೆಯಾಗುತ್ತಿದ್ದವು. 1970ರಲ್ಲಿ ಕಂಪನಿಯಲ್ಲೇ ದುಡಿಯುತ್ತಿದ್ದ ರಸಾಯನತಜ್ಞೆ ಕೆರೋಲಿನ್ ಹಂಟರ್ ಮತ್ತು ಛಾಯಾಗ್ರಾಹಕ ಕೆನ್ ವಿಲಿಯಮ್ಸ್ ಇದನ್ನು ಕಂಡು ಸಹಿಸದೆ ಚಳವಳಿ ಹೂಡಿದರು. ಹಂಟರ್ ಕೆಲಸ ಕಳೆದುಕೊಂಡರು. ಕಂಪನಿ ಆ ದೇಶದ ವ್ಯಾಪಾರವನ್ನು ಬಿಟ್ಟದ್ದು 1977ರಲ್ಲಿ, ಅಲ್ಲಿನ ವಿತರಕ ಗುಟ್ಟಾಗಿ ಸರ್ಕಾರಕ್ಕೆ ಸರಕು ಮಾರುತ್ತಿದ್ದುದು ಬಯಲಾದ ಮೇಲೆ. ಒಂದು ಮನೆಯಲ್ಲಿ ಮಗುವಿನ ನಗೆಯನ್ನು ಹಿಡಿದುಕೊಟ್ಟ ಬೆಳಕೇ ಇನ್ನೊಂದೆಡೆ ಮನುಷ್ಯನ ಕಾಲಿಗೆ ಬೇಡಿಯಾಯಿತು.

ಡಿಜಿಟಲ್ ಯುಗ ಬಂದು 2001ರಲ್ಲಿ ಕಂಪನಿ ದಿವಾಳಿಯಾಯಿತು. ಫಿಲ್ಮಿನ ತಯಾರಿಕೆಯನ್ನು ನಿಲ್ಲಿಸುವುದಾಗಿ 2008ರಲ್ಲಿ ಪ್ರಕಟಣೆ ಬಂತು. ನೆದರ್ಲೆಂಡ್ಸಿನ ಎನ್‌ಸ್ಖೆಡೆ ಪಟ್ಟಣದ ಕಾರ್ಖಾನೆಯನ್ನು ಕೆಲವರು ಹಟತೊಟ್ಟು ಉಳಿಸಿಕೊಂಡು, 2010ರಲ್ಲಿ ಹೊಸ ಫಿಲ್ಮನ್ನು ಹೊರತಂದರು.

ಇಂದು ಆರಿಸುವವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಪೋಲರಾಯ್ಡಿನದು ದೊಡ್ಡ ಚೌಕದ ಚಿತ್ರ. ಸಾಮಾನ್ಯವಾಗಿ ಒಂದು ಪೆಟ್ಟಿಗೆಗೆ 8 ಹಾಳೆ. ಬಣ್ಣ ಪೂರ್ತಿ ಮೂಡಲು ಹತ್ತು ಹದಿನೈದು ನಿಮಿಷ ಬೇಕು. ಜಪಾನಿನ ಫ್ಯೂಜಿಫಿಲ್ಮ್ ಸಂಸ್ಥೆಯ ಇನ್‌ಸ್ಟಾಕ್ಸ್ ಮಿನಿ 62 ಮತ್ತು 46 ಮಿಲಿಮೀಟರಿನ ಪುಟ್ಟ ಚಿತ್ರ, ಪೆಟ್ಟಿಗೆಗೆ 10 ಹಾಳೆ, ಬೇಗ ಮೂಡುತ್ತದೆ. ಕ್ಯಾಮೆರಾ ಒಮ್ಮೆ ಕೊಳ್ಳುವಂಥದು. ಫಿಲ್ಮಿನ ಖರ್ಚು ಕೊನೆತನಕ ಇರುವಂಥದು. ಎರಡರಲ್ಲಿಯೂ ಕೈಗೆ ಬರುವುದು ಒಂದೇ ಪ್ರತಿ. ಆ ಒಂದನ್ನು, ಮೂರು ವರ್ಷದ ಆ ಹುಡುಗಿಯ ನೆನಪಿಗಾದರೂ, ಚಿತ್ರದಲ್ಲಿರುವವರ ಕೈಗೇ ಮೊದಲು ಕೊಡೋಣ.